ಇಪ್ಪತ್ತೇಳನೇ ನಂಬರಿನ ಬಸ್ಸು

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಹದಿನಾಲ್ಕು ವರ್ಷದಿಂದ ಬಸ್ಸುಗಳ ಹೆಸರು ಕೂಗುತ್ತಿದ್ದವನನ್ನು ಊರವರೆಲ್ಲ ಮೈಕಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ತಿಂಗಳಿಗೊಮ್ಮೆ ಸಂಬಳದ ಚೀಟಿಯ ಮೇಲೆ ಮುಖ ತೋರಿಸಿ ಮತ್ತೆ ಮರೆಯಾಗುತ್ತಿತ್ತು. ಬಸ್ಸು ತಡವಾಯಿತೆಂದು ಜಗಳಕ್ಕೆ ಬಂದವರಿಗೂ ಅವನ ದನಿ ಕೇಳಿದರೆ ಅರ್ಧ ಸಿಟ್ಟು ಇಳಿಯುತ್ತಿತ್ತು. ಡಿಪೋ ಮ್ಯಾನೇಜರರ ಮೂಗಿನ ಮಾತು, ಮುದಿ ಎಂಜಿನ್ನಿನ ಕೆಮ್ಮು, ಚಿಲ್ಲರೆ ಕೇಳಿ ಸೋತ ಕಂಡಕ್ಟರನ ನಿಟ್ಟುಸಿರು ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದವು.

ಅವನ ಮಗಳು ಪುಟ್ಟಿ ರೈಲು ಹಳಿಯ ಈಚೆಗಿನ ಸರಕಾರಿ ಶಾಲೆಯಲ್ಲಿ ಓದುತ್ತಿದ್ದಳು. ಅವನ ತಂಗಿಯ ಮಗಳು ಗುಬ್ಬಿ ಹಳಿಯ ಆಚೆಗಿನ ಸರಕಾರಿ ಶಾಲೆಯಲ್ಲಿ. ಇಬ್ಬರೂ ಮೂರನೇ ತರಗತಿ. ಎರಡೂ ಶಾಲೆಗಳಿಗೆ ಒಂದೇ ಸರಕಾರ, ಒಂದೇ ಪಠ್ಯಪುಸ್ತಕ, ಗೋಡೆಗೆ ಒಂದೇ ಮಾಸಲು ಹಳದಿ. ಈಚೆಯ ಶಾಲೆಗೆ ಮಾತ್ರ ಪೋಷಕರ ಸಂಘವಿತ್ತು. ಸಂಘಕ್ಕೆ ಹಲ್ಲು ಡಾಕ್ಟರು ಅಧ್ಯಕ್ಷರು, ಟೈಲ್ಸ್ ಅಂಗಡಿಯ ಯಜಮಾನರು ಖಜಾಂಚಿ. ಆಚೆಯ ಶಾಲೆಯಲ್ಲೂ ಪೋಷಕರೇನೋ ಇದ್ದರು, ಆದರೆ ಸಂಘ ಕಟ್ಟಲು ಬೇಕಾದಷ್ಟು ಬಿಡುವಿನ ಸಂಜೆಗಳು ಅವರ ಬಳಿ ಇರಲಿಲ್ಲ. ಈಚೆಯವರು ಹಳಿಯಾಚೆಯವರನ್ನು ಎಂದೂ ಹಳಿದವರಲ್ಲ. ನೆನೆದವರೂ ಅಲ್ಲ.

ಸಂಘ ವರ್ಷಕ್ಕೊಮ್ಮೆ ಹಣ ಎತ್ತಿ ಒಬ್ಬ ಓದಿನ ಟೀಚರನ್ನು ಇಟ್ಟುಕೊಂಡಿತ್ತು. ಸೈಕಲ್ಲಿನಲ್ಲಿ ಬರುವ, ಸದಾ ಸೀಮೆಸುಣ್ಣದ ವಾಸನೆಯ ಸಣಕಲು ಹೆಂಗಸು. ಮೆಟ್ಟಿಲ ಕೆಳಗಿನ ಉಗ್ರಾಣದಂಥ ಕೋಣೆಯಲ್ಲಿ ವಾರಕ್ಕೆ ಐದು ಬೆಳಿಗ್ಗೆ ಓದಲು ತಡವರಿಸುವ ಮಕ್ಕಳನ್ನು ನಾಲ್ಕು ನಾಲ್ಕಾಗಿ ಕೂರಿಸಿಕೊಂಡು, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಅವರ ಬೆರಳು ಆಡಿಸುತ್ತಿದ್ದರು. ಪುಟ್ಟಿ ಆ ಕೋಣೆಗೆ ಹೋಗತೊಡಗಿ ಒಂದು ವರ್ಷವಾಗಿತ್ತು. ಒತ್ತಕ್ಷರ ಕಂಡರೆ ಈಗಲೂ ಕಾಲಿಗೆ ಕಲ್ಲು ತಗುಲಿದವಳಂತೆ ಎಡವುತ್ತಿದ್ದಳು, ಆದರೆ ಬೀಳುತ್ತಿರಲಿಲ್ಲ.

ಗುಬ್ಬಿಯದು ಬೇರೆ ಕತೆ. ಅವಳ ಅಮ್ಮ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಮನೆಗೆ ಬರುವಾಗ ಆರು ದಾಟುತ್ತಿತ್ತು. ಅಲ್ಲಿಯವರೆಗೆ ಗುಬ್ಬಿ ಕಾಲುಸೇತುವೆ ಹತ್ತಿ ಇಳಿದು ಮಾವನ ಗಾಜಿನ ಗೂಡಿಗೋ ಮಾವನ ಮನೆಗೋ ಬರುತ್ತಿದ್ದಳು. ಸಂಜೆ ಪುಟ್ಟಿ ಪಾಠ ಓದುತ್ತಿದ್ದಳು, ಗುಬ್ಬಿ ಕೇಳುತ್ತಿದ್ದಳು, ಆಮೇಲೆ ಅದೇ ಪಾಠವನ್ನು ಗುಬ್ಬಿ ಪುಟ್ಟಿಗಿಂತ ಚೆನ್ನಾಗಿ ಓದುತ್ತಿದ್ದಳು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಾ, ಹುಲಿ ಬಂದರೆ ಹುಲಿಯ ದನಿ, ಮುದುಕಿ ಬಂದರೆ ಮುದುಕಿಯ ದನಿ. ಮನೆಮಂದಿಯೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದರು.

ಒಂದು ಸಂಜೆ ಅವಳು ಒಂದರ ಬದಲು ಎರಡು ಹಾಳೆ ತಿರುವಿದಳು. ಪುಸ್ತಕದಲ್ಲಿ ಹುಲಿ ಆಗಲೇ ಸತ್ತಿತ್ತು. ಗುಬ್ಬಿಯ ಬಾಯಲ್ಲಿ ಮಾತ್ರ ಅದಿನ್ನೂ ಗುಹೆಯಿಂದ ಹೊರಬರುತ್ತಿತ್ತು. ಪಕ್ಕದಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದ ಮೈಕಣ್ಣನ ಕೈ ಅಲ್ಲೇ ನಿಂತಿತು. ಊರಿನಲ್ಲಿ ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲವೇನೋ. ದನಿ ಕದಿಯುವವನಿಗೆ ದನಿ ಕದಿಯುವವಳ ಕೈಚಳಕ ಗೊತ್ತಾಯಿತು. ಹುಡುಗಿ ಓದುತ್ತಿರಲಿಲ್ಲ. ಪುಟ್ಟಿಯ ಓದನ್ನು ಅನುಕರಣೆ ಮಾಡುತ್ತಿದ್ದಳು.

ತಂಗಿಗೆ ಹೇಳಿದಾಗ ಅವಳು ಇಸ್ತ್ರಿಯ ಬಿಸಿಗೆ ಕೆಂಪಾಗಿದ್ದ ಅಂಗೈ ನೋಡಿಕೊಂಡಳು. "ನಿನ್ನ ಗಂಟಲು ಬಂದಿದೆ ಅವಳಿಗೆ, ಅದಕ್ಕೇ ನಾವು ಮೋಸ ಹೋದ್ವಿ," ಅಂದಳು. ಆಚೆ ಶಾಲೆಯ ಟೀಚರಿಗೆ ಒಂದೇ ಕೋಣೆಯಲ್ಲಿ ಐವತ್ತೆಂಟು ಮಕ್ಕಳು. ಪಾಠ ಒಪ್ಪಿಸುವ ಮಗುವನ್ನು ಓದುವ ಮಗುವಿನಿಂದ ಬೇರ್ಪಡಿಸಿ ನೋಡುವಷ್ಟು ಪುರುಸೊತ್ತು ಅವರಿಗೆಲ್ಲಿ? ಮೂರನೇ ತರಗತಿ ದಾಟಿದ ಮೇಲೆ ಪಾಠಗಳು ಉದ್ದವಾಗುತ್ತವೆ, ಬಾಯಿಪಾಠಕ್ಕೆ ಬಗ್ಗುವುದಿಲ್ಲ. ಅಷ್ಟರೊಳಗೆ ಅವಳಿಗೆ ಅಕ್ಷರ ಹತ್ತಲೇಬೇಕಿತ್ತು.

ಮೈಕಣ್ಣ ಹಲ್ಲು ಡಾಕ್ಟರ ಹತ್ತಿರ ಹೋಗಿ, ಗುಬ್ಬಿ ವಾರಕ್ಕೆರಡು ಬೆಳಿಗ್ಗೆ ಓದಿನ ಕೋಣೆಯ ಮೂಲೆಯಲ್ಲಿ ಕೂರಬಹುದೇ ಎಂದು ಕೇಳಿದ. ಡಾಕ್ಟರು ಕೆಟ್ಟವರಲ್ಲ. ದಿನವಿಡೀ ಊರವರ ಬಾಯಿ ತೆಗೆಸಿ ಕೂರುವವರಾದರೂ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಮೈಕಣ್ಣ, ಇವತ್ತು ಒಂದು ಮಗೂನ ಕೂರಿಸ್ಕೊಂಡ್ರೆ ನಾಳೆ ಹತ್ತು ಮಕ್ಕಳು ಬಾಗಿಲಲ್ಲಿ ನಿಲ್ತಾರೆ. ಆ ಹತ್ತು ಮಕ್ಕಳ ಮುಖ ನೋಡಿ ಇಲ್ಲ ಅನ್ನೋ ಶಕ್ತಿ ನನಗಿಲ್ಲ. ಅದಕ್ಕೇ ಮೊದಲನೇದಕ್ಕೇ ಹೂಂ ಅನ್ನಲ್ಲ." ಆಮೇಲೆ ಮೆಲ್ಲನೆ ಸೇರಿಸಿದರು: "ನೀವೇ ಹೇಳಿಕೊಟ್ಟ ಮಾತಲ್ವಾ. ನಮ್ಮ ಮಕ್ಕಳು, ನಮ್ಮ ಶಾಲೆ, ನಮ್ಮ ಜೇಬು."

ಮಾತು ನಿಜ. ಮೂರು ವರ್ಷದಿಂದ ಸಂಘಕ್ಕೆ ಹಣ ಎತ್ತುವ ಹರಾಜು ನಡೆಸುತ್ತಿದ್ದವನೇ ಮೈಕಣ್ಣ. ಆ ಘೋಷಣೆ ಅವನದೇ ಗಂಟಲಿನ ಸರಕು. ಸಭಾಂಗಣದ ಬಾಗಿಲ ಮೇಲೆ ಬಟ್ಟೆಯಲ್ಲಿ ಬರೆಸಿಯೂ ಇದ್ದರು. ತನ್ನ ದನಿ ಇನ್ನೊಬ್ಬರ ಬಾಯಿಂದ ತನಗೇ ಕೇಳಿಸಿದಾಗ ಹೇಗಿರುತ್ತದೆಂದು ಡಿಪೋ ಮ್ಯಾನೇಜರರಿಗೆ ಗೊತ್ತಿತ್ತು. ಮೈಕಣ್ಣನಿಗೆ ಅದು ಗೊತ್ತಾದದ್ದು ಅಂದೇ.

ಹರಾಜಿಗಿಡುತ್ತಿದ್ದುದು ಮಕ್ಕಳು ಬಿಡಿಸಿದ ಚಿತ್ರಗಳನ್ನು. ಮೊದಲ ವರ್ಷ ಹೆಸರುಗಳು ಚಿತ್ರದ ಮುಂಭಾಗದಲ್ಲೇ ಇದ್ದವು. ಎಲ್ಲರೂ ತಮ್ಮ ತಮ್ಮ ಮಗುವಿನದನ್ನೇ ಕೊಂಡರು. ಡಾಕ್ಟರ ಮಗನ ವಕ್ರ ಸೂರ್ಯ ಐದು ಸಾವಿರಕ್ಕೆ ಹೋಯಿತು, ಕಾವಲುಗಾರನ ಮಗಳ ಚೆಂದದ ಕುದುರೆ ಐವತ್ತಕ್ಕೆ. ಆ ಹುಡುಗಿ ಎರಡೂ ಅಂಕಿ ಕೇಳಿಸಿಕೊಂಡು ಕೂತಿದ್ದಳು. ಅದನ್ನು ನೋಡಿ ನಾಚಿದ ಡಾಕ್ಟರೇ ಮರುವರ್ಷ ಹೊಸ ಪದ್ಧತಿ ತಂದರು. ಮುಂದೆ ನಂಬರು, ಹೆಸರು ಹಿಂದೆ. ಹರಾಜು ಮುಗಿಯುವವರೆಗೆ ಬೆನ್ನು ನೋಡುವಂತಿಲ್ಲ. ತರಗತಿಯ ಟೀಚರುಗಳೂ ನೋಡುವಂತಿಲ್ಲ. ವೇದಿಕೆಯ ಪಕ್ಕ ಡಾಕ್ಟರದೇ ಕೈಬರಹದಲ್ಲಿ ಮೂರು ನಿಯಮ ತೂಗುತ್ತಿದ್ದವು. ಹೆಸರು ಹಿಂಬದಿಯಲ್ಲಿ. ಕೊಂಡದ್ದು ವಾಪಸ್ಸಿಲ್ಲ. ಚಿತ್ರದ ಹಣ, ಬಿಡಿಸಿದ ಮಗುವಿನ ತರಗತಿಗೆ. ತರಗತಿಗಳಿಗೆ ಹೀಗೆ ಬಂದ ಹಣದಿಂದಲೇ ಓದಿನ ಟೀಚರ ಸಂಬಳ.

ಅಂದಿನಿಂದ ಹರಾಜಿಗೆ ರಂಗೇರಿತು. ತನ್ನ ಮಗನದೆಂದು ಎರಡು ಸಾವಿರ ಕೊಟ್ಟು ಇನ್ಯಾರದೋ ಮಗಳ ಮೀನು ಹೊತ್ತುಕೊಂಡು ಹೋಗುವ ಅಪ್ಪಂದಿರು, ಗಂಡನ ಮೊಣಕೈ ತಿವಿದು "ಅದಲ್ಲ, ಅದಲ್ಲ" ಅನ್ನುವ ಅಮ್ಮಂದಿರು. ಭಾನುವಾರ ಮಧ್ಯಾಹ್ನದ ಹರಾಜಿಗೆ ಊರೇ ಹಾಜರು.

ಆ ವರ್ಷ ಪ್ರತಿ ಮಗುವಿಗೂ ಎರಡೆರಡು ಹಾಳೆ ಕೊಟ್ಟಿದ್ದರು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಪುಟ್ಟಿ ಊಟದ ಮೇಜಿನ ಮುಂದೆ ಕೂತು ಅಮ್ಮ ಕೆಲಸ ಮಾಡುವ ಔಷಧಿ ಅಂಗಡಿ ಬಿಡಿಸಿದಳು. ಹಾಳೆ ಕೆಡಲಿಲ್ಲ. ಉಳಿದ ಹಾಳೆ ಎದುರು ಕೂತಿದ್ದ ಗುಬ್ಬಿಗೆ ಸಿಕ್ಕಿತು. ಮರುದಿನ ಪುಟ್ಟಿ ಎರಡನ್ನೂ ಸುರುಳಿ ಸುತ್ತಿ ಒಯ್ದು ತರಗತಿಯ ಟೀಚರ ಮೇಜಿನ ಮೇಲಿಟ್ಟಳು. ಇಬ್ಬರೂ ಬಿಡಿಸಿದ್ದಾರೆ, ಇಬ್ಬರದೂ ಕೊಡಬೇಕು. ಅವಳ ತಲೆಯಲ್ಲಿ ಇದಕ್ಕಿಂತ ಹೆಚ್ಚಿನ ಸಂಚೇನೂ ಇರಲಿಲ್ಲ. ಟೀಚರು ಬೆನ್ನು ನೋಡಬಾರದೆಂಬ ಪದ್ಧತಿಯನ್ನು ಕಣ್ಣಿಗೊತ್ತಿಕೊಂಡು ಪಾಲಿಸುವವರು. ಮುಂದೆ ನಂಬರು ಅಂಟಿಸಿ ಕಟ್ಟು ಕಟ್ಟಿದರು. ಲೆಕ್ಕಕ್ಕೆ ಒಂದು ಹೆಚ್ಚಾಗಿದೆಯೇ ಎಂದು ಯಾರೂ ಎಣಿಸಲಿಲ್ಲ. ಪ್ರತಿ ವರ್ಷ ಕಡಿಮೆಯೇ ಬೀಳುತ್ತಿತ್ತಲ್ಲ.

ಭಾನುವಾರ ಮೈಕಣ್ಣ ಬೋರ್ಡು ಒರೆಸುವ ಮರದ ಡಸ್ಟರನ್ನು ಸುತ್ತಿಗೆಯ ಬದಲು ಹಿಡಿದು ವೇದಿಕೆ ಹತ್ತಿದ. ಹತ್ತನೇ ನಂಬರಿನ ಹೊತ್ತಿಗೆ ಮುದಿ ಎಂಜಿನ್ನನ್ನು ಕೆಮ್ಮಿಸಿದ್ದ. ಇಪ್ಪತ್ತರ ಹೊತ್ತಿಗೆ ಹಲ್ಲು ಡಾಕ್ಟರ ದನಿಯಲ್ಲಿ, "ಸ್ವಲ್ಪ ಬಾಯಿ ತೆಗೀರಿ, ಇನ್ನೂ ಸ್ವಲ್ಪ, ಹಾಂ, ಈಗ ಪರ್ಸು ತೆಗೀರಿ" ಎಂದು ಡಾಕ್ಟರನ್ನೇ ನಗಿಸಿದ್ದ. ಮುಂದಿನ ಬೆಂಚಿನಲ್ಲಿ ಪುಟ್ಟಿಯೂ ಗುಬ್ಬಿಯೂ ಒಂದೇ ಕುರ್ಚಿಗಾಗುವಷ್ಟು ಜಾಗದಲ್ಲಿ ಒತ್ತಿಕೊಂಡು ಕೂತಿದ್ದರು.

ಇಪ್ಪತ್ತೇಳನೇ ನಂಬರು ಒಂದು ಬಸ್ಸು. ಹಾಳೆಯ ಈ ತುದಿಯಿಂದ ಆ ತುದಿಗೆ. ಹನ್ನೊಂದು ಕಿಟಕಿ, ಪ್ರತಿ ಕಿಟಕಿಯಲ್ಲೂ ಒಬ್ಬ ಪ್ರಯಾಣಿಕ. ಒಬ್ಬ ಆಕಳಿಸುತ್ತಿದ್ದ, ಒಬ್ಬಳು ನಿದ್ದೆಯಲ್ಲಿ ಪಕ್ಕದ ಕಿಟಕಿಯವನ ಕಡೆಗೆ ವಾಲಿದ್ದಳು, ಒಬ್ಬನಿಗೆ ಟಿಕೆಟ್ ಸಿಕ್ಕದೆ ಜೇಬೆಲ್ಲ ಹೊರಗೆ ನೇತಾಡುತ್ತಿತ್ತು. ಬಸ್ಸಿನ ನೆತ್ತಿಯ ಮೇಲೆ ಊರಿನ ಹೆಸರಿನ ಬೋರ್ಡು. ಡಾಕ್ಟರು ನೆಟ್ಟಗೆ ಕೂತರು. ಅವರ ಮಗನಿಗೆ ಬಸ್ಸಿನ ಹುಚ್ಚು, ಆವತ್ತು ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಇದು ಅವನದೇ, ಸಂಶಯವೇ ಇಲ್ಲ! ಅವರು ಕೈ ಎತ್ತಿದ್ದು ನೋಡಿ ಟೈಲ್ಸ್ ಯಜಮಾನರೂ ಎತ್ತಿದರು. ಅವರಿಗೆ ಚಿತ್ರ ಬೇಕಿರಲಿಲ್ಲ, ಡಾಕ್ಟರು ಸುಲಭವಾಗಿ ಗೆಲ್ಲಬಾರದಿತ್ತು, ಅಷ್ಟೇ. ಎರಡು ಸಾವಿರ, ಮೂರು, ನಾಲ್ಕೂವರೆ, ಆರು. ಎಂಟು ಸಾವಿರಕ್ಕೆ ಟೈಲ್ಸ್ ಯಜಮಾನರು ಕೈ ಇಳಿಸಿದರು. ಡಸ್ಟರು ಮೇಜಿಗೆ ಬಡಿಯಿತು, ಬಿಳಿ ಪುಡಿ ಎದ್ದಿತು. ಸಂಘದ ಇತಿಹಾಸದಲ್ಲೇ ಅಷ್ಟು ದೊಡ್ಡ ಮೊತ್ತ ಬಂದಿರಲಿಲ್ಲ.

ಮೈಕಣ್ಣ ಹಾಳೆಯ ಬೆನ್ನು ತಿರುಗಿಸಿದ.

ಹೆಸರಿರಲಿಲ್ಲ. ಹೆಸರಿನ ಜಾಗದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಗುಬ್ಬಿ ಕೂತಿತ್ತು. ಕೊಕ್ಕು, ಕಣ್ಣು, ಎರಡು ಕಡ್ಡಿ ಕಾಲು.

ಹದಿನಾಲ್ಕು ವರ್ಷ ಎಡೆಬಿಡದೆ ಮಾತಾಡಿದವನ ಮೌನ ಜನರಿಗೆ ಹೊಸದೊಂದು ನಕಲಿನಂತೆ ಕಂಡು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಹೆಸರು ಬರೆದಿಲ್ಲ, ಹಣ ಸಂಘದ ಡಬ್ಬಿಗೆ ಎಂದುಬಿಟ್ಟರೆ ಕತೆ ಮುಗಿಯುತ್ತಿತ್ತು. ಹಾಗೆ ಹೆಸರು ಮರೆತ ಮಕ್ಕಳು ಪ್ರತಿ ವರ್ಷ ಇಬ್ಬರು ಮೂವರಾದರೂ ಇರುತ್ತಿದ್ದರು. ಅವನ ನಾಲಿಗೆ ಆ ವಾಕ್ಯದ ಮೊದಲ ಪದವನ್ನು ಹಿಡಿದುಕೊಂಡೂ ಇತ್ತು. ಅಷ್ಟರಲ್ಲಿ ಅವನ ಕಣ್ಣು ಮುಂದಿನ ಬೆಂಚಿಗೆ ಹೋಯಿತು. ಗುಬ್ಬಿ ಕತ್ತು ಉದ್ದ ಮಾಡಿ ಕಾಯುತ್ತಿದ್ದಳು. ಅವಳು ಹೆಸರು ಮರೆತಿರಲಿಲ್ಲ. ಅವಳಿಗೆ ಗೊತ್ತಿದ್ದ ರೀತಿಯಲ್ಲಿ ಬರೆದಿದ್ದಳು. ಮಾವ ಓದಿ ಹೇಳುವುದೊಂದು ಬಾಕಿ.

"ಗುಬ್ಬಿ," ಅಂದ ಮೈಕಣ್ಣ. ಯಾರ ದನಿಯಲ್ಲೂ ಅಲ್ಲದ ದನಿಯಲ್ಲಿ. "ಮೂರನೇ ತರಗತಿ. ಹಳಿಯಾಚೆ ಶಾಲೆ. ನನ್ನ ತಂಗಿ ಮಗಳು. ಹೆಸರಿನ ಬದಲು ಗುಬ್ಬಿ ಬಿಡಿಸಿದಾಳೆ, ಯಾಕಂದ್ರೆ ಅವಳಿಗೆ ಬರೆಯೋಕೆ ಬರಲ್ಲ. ಇದು ಇಲ್ಲಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಇವಳದೇ ಅನ್ನೋದು ಗೊತ್ತು."

ನಗು ಅಲ್ಲಲ್ಲೇ ಕುಳಿತುಬಿಟ್ಟಿತು. ಟೈಲ್ಸ್ ಯಜಮಾನರು ಎದ್ದು, ಹೊರಗಿನ ಚಿತ್ರ ಲೆಕ್ಕಕ್ಕಿಲ್ಲ, ಮುಂದಿನ ನಂಬರು ಕೂಗಿ ಎಂದರು. ಡಾಕ್ಟರು ವೇದಿಕೆಯ ಹತ್ತಿರ ಬಂದು ಚಿತ್ರ ಕೈಗೆ ತೆಗೆದುಕೊಂಡರು. ಮಗನದಲ್ಲ ಎಂಬ ಬೇಸರ ಮುಖದಲ್ಲಿ ಒಮ್ಮೆ ಹಾದು ಹೋಯಿತು. ಆಮೇಲೆ ಕಿಟಕಿಗಳನ್ನು ಒಂದೊಂದಾಗಿ ನೋಡಿದರು. ಕೊಂಡದ್ದು ವಾಪಸ್ಸಿಲ್ಲ ಅಂತ ತಾನೇ ಬರೆದದ್ದು ಎಂದು ಹೇಳಿ, ಹಣ ಎಲ್ಲಿಗೆ ಎನ್ನುವುದನ್ನು ಶನಿವಾರ ಸಭೆಯಲ್ಲಿ ನೋಡೋಣ ಎಂದು ಕೂತರು. ಇಪ್ಪತ್ತೆಂಟನೇ ನಂಬರಿನಿಂದ ಮುಂದೆ ಹರಾಜು ನಡೆಯಿತು, ಆದರೆ ಎಂಜಿನ್ ಮತ್ತೆ ಕೆಮ್ಮಲಿಲ್ಲ.

ಮನೆಯಲ್ಲಿ ಹೆಂಡತಿ ತಟ್ಟೆಗಳನ್ನು ಒರೆಸುತ್ತಾ ಕೇಳಿದಳು, ಹಣ ಆಚೆಗೆ ಹೋಗಿ ಟೀಚರೂ ಆಚೆಗೆ ಹೋದರೆ ಪುಟ್ಟಿಯ ಗತಿ ಏನು ಎಂದು. ಓದಿನ ಟೀಚರು ಊರಿಗೆಲ್ಲ ಒಬ್ಬರೇ.

"ಪುಟ್ಟಿಗೆ ಐದರಲ್ಲಿ ಮೂರು ದಿನ ಉಳಿಯುತ್ತೆ. ಗುಬ್ಬಿಗೆ ಸೊನ್ನೆ ಇದ್ದದ್ದು ಎರಡಾಗುತ್ತೆ," ಅಂದ ಮೈಕಣ್ಣ.

"ಲೆಕ್ಕ ನನಗೂ ಬರುತ್ತೆ ಕಣ್ರೀ. ಕ್ಯಾಷ್ ಕೌಂಟರಲ್ಲಿ ಕೂರೋಳು ನಾನು. ನಾನು ಕೇಳಿದ್ದು ಲೆಕ್ಕ ಅಲ್ಲ."

ಒರೆಸಿದ ತಟ್ಟೆಯನ್ನೇ ಇನ್ನೊಮ್ಮೆ ಒರೆಸಿ ಇಟ್ಟಳು.

ಸೋಮವಾರ ನಾಲ್ಕು ಗಂಟೆಗೆ ಡಾಕ್ಟರು ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಗಾಜಿನ ಗೂಡಿಗೆ ಬಂದರು. ಮಗನಿಗೆ ಚಿತ್ರ ಬಹಳ ಹಿಡಿಸಿದೆಯಂತೆ, ಆದರೆ ಬಸ್ಸು ಯಾವ ಊರಿಗೆ ಹೋಗುತ್ತದೆಂದು ಕೇಳಿ ಪ್ರಾಣ ತಿನ್ನುತ್ತಿದ್ದಾನಂತೆ. ಬೋರ್ಡನ್ನು ಕನ್ನಡಕ ಹಾಕಿ, ತೆಗೆದು, ಎರಡೂ ರೀತಿ ನೋಡಿದರೂ ಗೊತ್ತಾಗಲಿಲ್ಲವಂತೆ. ದೂರಕ್ಕೆ ಅಕ್ಷರ, ಹತ್ತಿರಕ್ಕೆ ಬರೀ ಸುರುಳಿ.

ಗುಬ್ಬಿ ಅಲ್ಲೇ ಸ್ಟೂಲಿನ ಮೇಲೆ ಕಾಲಾಡಿಸುತ್ತಾ ಕೂತಿದ್ದಳು. ಇದನ್ನು ಓದು ನೋಡೋಣ ಅಂದ ಮೈಕಣ್ಣ. ಅವಳು ಬೋರ್ಡಿನ ಮೇಲೆ ಬೆರಳಿಟ್ಟು ಗಂಟಲು ಸರಿಮಾಡಿಕೊಂಡಳು. "ಪ್ರಯಾಣಿಕರ ಗಮನಕ್ಕೆ. ಎರಡನೇ ಅಂಕಣದಲ್ಲಿ ನಿಂತಿರುವ ಬಸ್ಸು ಹೊಸ ಸೇತುವೆ, ಗಿರಣಿ ಗೇಟು, ದೊಡ್ಡ ಆಸ್ಪತ್ರೆ ಮಾರ್ಗವಾಗಿ..." ಮಾವನದೇ ಏರು, ಮಾವನದೇ ಇಳಿವು, ಕೊನೆಗೆ ಮಾವನದೇ ಸಣ್ಣ ಕೆಮ್ಮು. ಡಾಕ್ಟರು ಮನಸಾರೆ ನಕ್ಕು, ಎಷ್ಟು ಚೆನ್ನಾಗಿ ಓದುತ್ತಾಳಲ್ಲ ಎಂದರು.

ಮೈಕಣ್ಣ ಬೋರ್ಡಿನ ಮೇಲೆ ಅಂಗೈ ಮುಚ್ಚಿದ. "ಈಗ ಓದಮ್ಮ."

ಗುಬ್ಬಿಗೆ ಇದೊಂದು ಆಟ. ಮಾವನ ಅಂಗೈ ಮೇಲೆಯೇ ಬೆರಳಿಟ್ಟು ಅದೇ ಸೇತುವೆ, ಅದೇ ಗಿರಣಿ, ಅದೇ ಆಸ್ಪತ್ರೆಯನ್ನು ಒಂದೂ ಬಿಡದೆ ದಾಟಿ ಊರು ಮುಟ್ಟಿಸಿದಳು. ಡಾಕ್ಟರ ನಗು ನಿಧಾನವಾಗಿ ಒಳಗೆ ಹೋಯಿತು. ಐದನೇ ಅಂಕಣಕ್ಕೆ ಬಸ್ಸೊಂದು ಬಂತು, ಮೈಕಣ್ಣ ಕೂಗಬೇಕಿತ್ತು, ಕೂಗಿದ. ತಿರುಗಿ ನೋಡಿದಾಗ ಡಾಕ್ಟರು ಗುಬ್ಬಿಯಿಂದ ಹನ್ನೊಂದು ಪ್ರಯಾಣಿಕರ ಕತೆ ಕೇಳುತ್ತಿದ್ದರು.

ಶನಿವಾರದ ಸಭೆ ಎರಡು ಗಂಟೆ ನಡೆಯಿತು. ಈಚೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಎರಡೂ ಶಾಲೆಗೆ ಓದಿನ ಟೀಚರು ಕೊಡಬೇಕಾದದ್ದು ಸರಕಾರ, ತಾನು ಹನ್ನೊಂದು ಪತ್ರ ಬರೆದಿದ್ದೇನೆ ಎಂದರು. ಎಲ್ಲರೂ ತಲೆಯಾಡಿಸಿದರು, ಹನ್ನೆರಡನೆಯದನ್ನು ಆಚೆ ಶಾಲೆಯವರ ಸಹಿಯನ್ನೂ ಸೇರಿಸಿ ಬರೆಯುವುದೆಂದಾಯಿತು. ಇನ್ನು ಪ್ರತಿ ವರ್ಷವೂ ಅರ್ಧ ಹಣ ಆಚೆ ಶಾಲೆಗೆ ಹೋಗಲಿ ಎಂದು ಯಾರೋ ಅಂದದ್ದಕ್ಕೆ ಟೈಲ್ಸ್ ಯಜಮಾನರು ಮೇಜಿನ ಮೇಲೆ ಎರಡೂ ಕೈ ಊರಿ ಮಾತಾಡಿದರು.

"ನಾನು ಕೊಡೋದು ನನ್ನ ಮಗಳ ಮುಖ ನೋಡಿ. ಆ ಮುಖ ಕಾಣದಿದ್ರೆ ನನ್ನ ಕೈ ಜೇಬಿಗೆ ಹೋಗಲ್ಲ. ಇದು ದೊಡ್ಡ ಗುಣ ಅಂತಿಲ್ಲ ನಾನು, ಇರೋದು ಹೇಳ್ತಿದ್ದೀನಿ. ವರ್ಷಾ ವರ್ಷಾ ಅರ್ಧ ಆಚೆಗೆ ಅಂತ ನಿಯಮ ಮಾಡಿದ್ರೆ ಅರ್ಧ ಜನ ಕೊಡೋದೇ ನಿಲ್ಲಿಸ್ತಾರೆ. ಆಮೇಲೆ ಆ ಟೀಚರು ಇಬ್ಬರಿಗೂ ಇಲ್ಲ."

ಅದನ್ನು ಸುಳ್ಳೆನ್ನಲು ಯಾರಿಗೂ ಆಗಲಿಲ್ಲ. ಮೈಕಣ್ಣನ ಸರದಿ ಬಂದಾಗ ಅವನು, ನಮ್ಮ ಮಕ್ಕಳು ನಮ್ಮ ಜೇಬು ಅನ್ನೋದು ತನ್ನದೇ ಮಾತು, ಅದನ್ನು ವಾಪಸ್ ತಗೊಳ್ಳೋಕೆ ಬಂದಿದ್ದೇನೆ, ಬಾಗಿಲ ಮೇಲಿನ ಬಟ್ಟೆ ಇಳಿಸಿದರೆ ಉಪಕಾರ ಎಂದಷ್ಟೇ ಹೇಳಿ ಕೂತ. ಓದಿನ ಟೀಚರನ್ನು ಕೇಳಿದಾಗ, ತನಗಿರುವುದು ಐದು ಬೆಳಿಗ್ಗೆ, ಆರನೆಯದನ್ನು ಉತ್ಪಾದಿಸಲು ಬರುವುದಿಲ್ಲ, ಎರಡು ಆಚೆ ಹೋದರೆ ಈಚೆಯ ಮಕ್ಕಳಿಗೆ ಎರಡು ಕಡಿಮೆಯಾಗುತ್ತದೆ, ಅದನ್ನು ಅವರ ಮನೆಗಳಿಗೆ ನೀವೇ ಹೇಳಿ ಎಂದರು.

ಕೊನೆಗೆ ಇಪ್ಪತ್ತೇಳನೇ ನಂಬರಿನ ಎಂಟು ಸಾವಿರ ಮಾತ್ರ ಆಚೆ ಶಾಲೆಯ ಮೂರನೇ ತರಗತಿಗೆ ಎಂದಾಯಿತು. ವರ್ಷದ ಕೊನೆಯವರೆಗೆ ಮಂಗಳವಾರ, ಗುರುವಾರ ಟೀಚರು ಅಲ್ಲಿಗೆ. ವರ್ಷಾ ವರ್ಷದ ಮಾತು ಮುಂದಕ್ಕೆ ಹೋಯಿತು. ಇನ್ನುಮೇಲೆ ಇಂಥ ಗೊಂದಲ ಬೇಡ ಎಂದು ಟೈಲ್ಸ್ ಯಜಮಾನರು ಮೂರನೇ ನಿಯಮಕ್ಕೆ 'ನಮ್ಮ ಶಾಲೆಯ' ಎಂದು ಸೇರಿಸಲು ಹೇಳಿದರು. ಡಾಕ್ಟರು ಪೆನ್ನು ತೆರೆದು ನಿಯಮದ ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡು, ಟೀ ಆರುತ್ತಿದೆ ಎಂದರು.

ಮುಂದಿನ ಮಂಗಳವಾರದಿಂದ ಓದಿನ ಟೀಚರು ಸೈಕಲ್ಲನ್ನು ಕಾಲುಸೇತುವೆಯ ಮೇಲೆ ತಳ್ಳಿಕೊಂಡು ಹೋಗತೊಡಗಿದರು. ಪುಟ್ಟಿ ಎರಡು ದಿನ ಮುಖ ಊದಿಸಿಕೊಂಡಳು. ಮಂಗಳವಾರ, ಗುರುವಾರ ಸಂಜೆ ಅವಳಮ್ಮ ಕೌಂಟರಿನಿಂದ ಬಂದವಳೇ ಚಪ್ಪಲಿ ಬಿಡುವ ಮುಂಚೆ ಅವಳ ಪುಸ್ತಕ ತೆಗೆದು, ಔಷಧಿ ಚೀಟಿಯ ಕೋಳಿಕಾಲಿನ ಬರಹವನ್ನೇ ಓದುವವಳಿಗೆ ಒತ್ತಕ್ಷರ ಯಾವ ಲೆಕ್ಕ ಎನ್ನುತ್ತಾ ಪಕ್ಕದಲ್ಲಿ ಕೂರುತ್ತಿದ್ದಳು. ಮೈಕಣ್ಣ ಟೀ ಮಾಡಿ ತಂದಿಡುತ್ತಿದ್ದ.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಮೈಕಣ್ಣ ಗೂಡಿನಲ್ಲಿ ಕೂತಿದ್ದ. ಮೂರನೇ ಅಂಕಣಕ್ಕೆ ಹೊಸ ಮಾರ್ಗದ ಬಸ್ಸು ಬಂದು ನಿಂತಿತು. ಆವತ್ತೇ ಶುರುವಾದ ಮಾರ್ಗ, ಅದರ ಹೆಸರನ್ನು ಅವನಿನ್ನೂ ಒಮ್ಮೆಯೂ ಕೂಗಿರಲಿಲ್ಲ. ಕೂಗಲು ಗುಂಡಿ ಒತ್ತಬೇಕು ಎನ್ನುವಷ್ಟರಲ್ಲಿ ಗುಬ್ಬಿ ಸ್ಟೂಲಿನಿಂದ ಇಳಿದು ಗಾಜಿಗೆ ಮೂಗು ಒತ್ತಿದಳು. ಬಸ್ಸಿನ ನೆತ್ತಿ ನೋಡಿದಳು.

"ಕೆ," ಅಂದಳು. ನಿಂತಳು. "ಕೆ... ರೆ." ಗಾಜಿನ ಮೇಲೆ ಉಸಿರಿನ ಮಂಜು ಮೂಡಿತು, ಅಂಗೈಯಿಂದ ಒರೆಸಿದಳು. "ಕೆರೆ... ಕೋ... ಕೋ..."

ಹುಲಿಯ ದನಿಯೂ ಇಲ್ಲ, ಮುದುಕಿಯದೂ ಇಲ್ಲ, ಮಾವನದಂತೂ ಇಲ್ಲವೇ ಇಲ್ಲ. ಮುಗ್ಗರಿಸುವ, ತೆಳುವಾದ, ಯಾರದೂ ಅಲ್ಲದ ದನಿ. ಹೊರಗೆ ಜನ ಬ್ಯಾಗು ಹಿಡಿದು ಗೂಡಿನ ಕಡೆ ನೋಡುತ್ತಿದ್ದರು, ಯಾವ ಬಸ್ಸು ಎಂದು ಹೇಳಬಾರದೇ ಎನ್ನುವಂತೆ. ಮೈಕಣ್ಣನ ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಆ ಸಂಜೆ ಹೊಸ ಮಾರ್ಗದ ಮೊದಲ ಬಸ್ಸಿನ ಕೂಗು ಪೂರಾ ಒಂದು ನಿಮಿಷ ತಡವಾಯಿತು.